ಕೊರೊನಾ ಬ್ಯಾಚ್ ಅಂದರೆ ಯಾವ ಬ್ಯಾಚು?

ಕಾಲೇಜಿನ ದಾಖಲಾತಿ ಮೇಜಿನೆದುರು, ಕೆಲಸದ ಸಂದರ್ಶನದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಸಿಕ್ಕಿದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಓ, ನೀನು ಕೊರೊನಾ ಬ್ಯಾಚಾ?" ಕೇಳುವ ಧಾಟಿಯಲ್ಲೇ ತೀರ್ಪೂ ಇರುತ್ತದೆ. ಪರೀಕ್ಷೆ ಬರೆಯದೆ ಪಾಸಾದವರು, ಪುಕ್ಕಟೆ ಅಂಕದವರು. ಪಾಪ, ಎದುರಿಗಿರುವವರು ನಕ್ಕು ಸುಮ್ಮನಾಗುತ್ತಾರೆ. ಏಕೆಂದರೆ ಅದಕ್ಕೆ ಉತ್ತರ ಹೇಳಬೇಕಾದರೆ ಸಾಕಷ್ಟು ಲೆಕ್ಕ ಬಿಡಿಸಬೇಕು.

ಲೆಕ್ಕ ಬಿಡಿಸೋಣ. 2020ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ಆರಕ್ಕೆ ಆರೂ ಪತ್ರಿಕೆ ಬರೆದರು, ಮೂರು ತಿಂಗಳು ತಡವಾಗಿ. ಆ ವರ್ಷದ ಫಲಿತಾಂಶ ಶೇ 71.80. ಅಂದರೆ ನೂರರಲ್ಲಿ ಇಪ್ಪತ್ತೆಂಟು ಮಕ್ಕಳು ಫೇಲಾದರು. ಅದರಲ್ಲಿ ಪುಕ್ಕಟೆ ಎಲ್ಲಿಂದ ಬಂತು? 2021ರ ಎಸ್ಸೆಸ್ಸೆಲ್ಸಿಯವರು ಎರಡು ದಿನದ ಬೇರೆಯದೇ ಥರದ ಪರೀಕ್ಷೆ ಬರೆದರು. ಒಂದು ಅಕ್ಷರವನ್ನೂ ಬರೆಯದೆ ಅಂಕಪಟ್ಟಿ ಪಡೆದವರೆಂದರೆ 2021ರ ದ್ವಿತೀಯ ಪಿಯುಸಿಯವರು. ಮೂರೂ ಗುಂಪಿಗೆ ಒಂದೇ ಹಣೆಪಟ್ಟಿ ಅಂಟಿಸಿಬಿಟ್ಟಿದ್ದೇವೆ. ನಾಲ್ಕನೆಯ ಗುಂಪೊಂದು ಆಗಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದುದರಿಂದ ಅವರ ನೆನಪೇ ಯಾರಿಗೂ ಬರುವುದಿಲ್ಲ. ನನಗೆ ಕೊರೆಯುತ್ತಿರುವುದು ಆ ನಾಲ್ಕನೆಯವರ ವಿಷಯ. ಆದರೆ ಅಲ್ಲಿಗೆ ಹೋಗುವ ಮುಂಚೆ ದೊಡ್ಡವರ ಪರೀಕ್ಷೆ ಉಳಿಸಲು ಏನೇನು ನಡೆಯಿತು ಅನ್ನುವುದನ್ನು ನೋಡಬೇಕು.

ಗೇಟಿನ ಮುಂದಿನ ಅರ್ಧ ಗಂಟೆ

2020ರ ಎಸ್ಸೆಸ್ಸೆಲ್ಸಿ ಮಾರ್ಚ್ 27ಕ್ಕೆ ಶುರುವಾಗಬೇಕಿತ್ತು. ಶುರುವಾದದ್ದು ಜೂನ್ 25ಕ್ಕೆ, ಮುಗಿದದ್ದು ಜುಲೈ 4ಕ್ಕೆ. ನೋಂದಾಯಿಸಿದವರು ಸುಮಾರು ಎಂಟೂವರೆ ಲಕ್ಷ. ಅದಕ್ಕೂ ಒಂದು ವಾರ ಮೊದಲು, ಜೂನ್ 18ರಂದು, ದ್ವಿತೀಯ ಪಿಯುಸಿಯ ಇಂಗ್ಲಿಷ್ ಪತ್ರಿಕೆ ನಡೆಯಿತು. ಉಳಿದೆಲ್ಲ ಪತ್ರಿಕೆ ಮುಗಿದು ಅದೊಂದೇ ಬಾಕಿ ಉಳಿದಿದ್ದರಿಂದ ಮಕ್ಕಳು ಆ ಒಂದು ಪುಸ್ತಕವನ್ನು ಮೂರು ತಿಂಗಳು ಹೊತ್ತು ತಿರುಗಿದ್ದರು. ಅಂದು ಹಲವೆಡೆ ಕೊಠಡಿಯ ಒಳಗೆ ಅಂತರ ಇತ್ತು, ಗೇಟಿನ ಹೊರಗೆ ಜಾತ್ರೆಯಿತ್ತು. ಪರೀಕ್ಷೆ ನಡೆಸಿ ಅನುಭವವಿರುವ ಯಾರನ್ನೇ ಕೇಳಿ, ಕಷ್ಟದ ಜಾಗ ಕೊಠಡಿಯಲ್ಲ, ಗೇಟು.

ಯಾಕೆಂದು ಕೂಡಿಸಿ ನೋಡಿದರೆ ಗೊತ್ತಾಗುತ್ತದೆ. ಒಂದು ಕೇಂದ್ರಕ್ಕೆ ಇನ್ನೂರು ಮಕ್ಕಳು, ಒಂದೇ ಥರ್ಮಲ್ ಸ್ಕ್ಯಾನರ್ ಎಂದಿಟ್ಟುಕೊಳ್ಳಿ. ಹಣೆಗೆ ಹಿಡಿದು ಓದುವುದು, ಕೈಗೆ ಸ್ಯಾನಿಟೈಸರ್ ಹಾಕುವುದು, ಮಾಸ್ಕ್ ಇಲ್ಲದವರಿಗೆ ಕೊಡುವುದು, ಎಲ್ಲ ಸೇರಿ ಒಬ್ಬರಿಗೆ ಹತ್ತು ಸೆಕೆಂಡು. ಒಟ್ಟು ಎರಡು ಸಾವಿರ ಸೆಕೆಂಡು, ಅಂದರೆ ಮೂವತ್ಮೂರು ನಿಮಿಷ. ಒಬ್ಬರೂ ತಡವರಿಸದಿದ್ದರೆ ಮಾತ್ರ. ಆ ಸ್ಕ್ಯಾನರ್ ಓದುವುದು ಚರ್ಮದ ಮೇಲಿನ ಬಿಸಿಯನ್ನು. ಬಿಸಿಲಲ್ಲಿ ಸೈಕಲ್ ತುಳಿದು ಬಂದವನಿಗೆ ಜ್ವರ ತೋರಿಸುತ್ತದೆ, ಮಳೆಯಲ್ಲಿ ನೆಂದು ಬಂದವಳ ಹಣೆ ತಣ್ಣಗೆ ತೋರಿಸುತ್ತದೆ. ಹೆಚ್ಚು ತೋರಿಸಿದವರನ್ನು ನೆರಳಲ್ಲಿ ಹತ್ತು ನಿಮಿಷ ಕೂರಿಸಿ ಮತ್ತೆ ಅಳೆಯಬೇಕು. ಆ ಹತ್ತು ನಿಮಿಷ ಆ ಮಗುವಿನ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅನ್ನುವುದು ಸ್ಕ್ಯಾನರಿಗೆ ಕಾಣುವುದಿಲ್ಲ. ಸಾಲು ನಿಂತಿತೆಂದರೆ ಹಿಂದಿನವರು ಒತ್ತಿಕೊಂಡು ಬರುತ್ತಾರೆ, ಅಲ್ಲಿಗೆ ನೆಲದ ಮೇಲೆ ಬರೆದ ಸುಣ್ಣದ ವೃತ್ತಗಳೆಲ್ಲ ವ್ಯರ್ಥ. ಎಸ್ಸೆಸ್ಸೆಲ್ಸಿ ಹೊತ್ತಿಗೆ ಈ ಪಾಠ ಕಲಿತಾಗಿತ್ತು. ಮಕ್ಕಳನ್ನು ಬಹಳ ಮುಂಚೆಯೇ ಒಳಗೆ ಬಿಟ್ಟರು, ಪೋಷಕರನ್ನು ಗೇಟಿನಿಂದ ದೂರ ನಿಲ್ಲಿಸಿದರು, ಕುಡಿಯುವ ನೀರಿನ ಬಾಟಲಿ, ಬುತ್ತಿ ಮನೆಯಿಂದಲೇ ತರಲು ಹೇಳಿದರು. ಮಾಸ್ಕುಗಳ ದೊಡ್ಡ ಪಾಲನ್ನು ಸ್ಕೌಟ್ಸ್ ಮತ್ತು ಗೈಡ್ಸ್‌ನವರು ಹೊಲಿಸಿಕೊಟ್ಟಿದ್ದರು.

ಕೊಠಡಿಯೊಳಗೆ ಇಪ್ಪತ್ತನಾಲ್ಕರ ಬದಲು ಹದಿನೆಂಟರಿಂದ ಇಪ್ಪತ್ತು ಮಕ್ಕಳು. ಕೇಳಲು ಸಣ್ಣ ಬದಲಾವಣೆ, ನಡೆಸುವವರಿಗೆ ಅಲ್ಲ. ನಾಲ್ಕು ಕೊಠಡಿಗೊಂದರಂತೆ ಹೊಸ ಕೊಠಡಿ ಬೇಕು, ಅದಕ್ಕೆ ಬೆಂಚು, ಮೇಲ್ವಿಚಾರಕರು, ಪ್ರಶ್ನೆಪತ್ರಿಕೆ ಲಕೋಟೆಯ ಮರುಹಂಚಿಕೆ, ನೋಂದಣಿ ಸಂಖ್ಯೆಗಳ ಹೊಸ ಪಟ್ಟಿ. ಪ್ರವೇಶಪತ್ರದ ಫೋಟೊ ಹೋಲಿಸಬೇಕಾದರೆ ಮಾಸ್ಕ್ ಕೆಳಗಿಳಿಸಬೇಕು. ಕನ್ನಡಕದವರಿಗೆ ಉಸಿರಿನ ಆವಿ ಗಾಜಿಗೆ ಕಟ್ಟಿ ಪ್ರಶ್ನೆಯೇ ಮಸುಕು. ಮಾಸ್ಕಿನ ಮೇಲಂಚನ್ನು ಮೂಗಿನ ಮೇಲೆ ಒತ್ತಿ ಕೂರಿಸಿ, ಅದರ ಮೇಲೆ ಕನ್ನಡಕ ಇಟ್ಟರೆ ಸ್ವಲ್ಪ ವಾಸಿ. ಇಂಥ ಸಣ್ಣ ಉಪಾಯಗಳನ್ನು ಮಕ್ಕಳೇ ಒಬ್ಬರಿಂದೊಬ್ಬರು ಕಲಿತರು. ಕಂಟೈನ್‌ಮೆಂಟ್ ವಲಯದಿಂದ ಬಂದವರಿಗೆ ಬೇರೆ ಕೊಠಡಿ, ವಲಸೆ ಹೋಗಿದ್ದ ಕುಟುಂಬದವರಿಗೆ ಇದ್ದ ಊರಿನ ಹತ್ತಿರದ ಕೇಂದ್ರದಲ್ಲೇ ಬರೆಯುವ ಅವಕಾಶ, ಕಾಸರಗೋಡಿನಿಂದ ದಕ್ಷಿಣ ಕನ್ನಡಕ್ಕೆ ಬರುವವರಿಗೆ ಗಡಿ ದಾಟಿಸುವ ವ್ಯವಸ್ಥೆ, ಎಲ್ಲವೂ ಆಯಿತು. ಒಂದು ದಿನಾಂಕವನ್ನು ಉಳಿಸಿಕೊಳ್ಳಲು ಇಡೀ ರಾಜ್ಯ ಟೊಂಕ ಕಟ್ಟಿತ್ತು. ಇದನ್ನು ಗೇಲಿ ಮಾಡಲು ಹೇಳುತ್ತಿಲ್ಲ. ಮನಸ್ಸು ಮಾಡಿದರೆ ನಮ್ಮ ವ್ಯವಸ್ಥೆಗೆ ಏನು ಸಾಧ್ಯ ಅನ್ನುವುದಕ್ಕೆ ಅದು ಸಾಕ್ಷಿ. ಮನಸ್ಸು ಯಾವುದಕ್ಕೆ ಮಾಡಿತು ಅನ್ನುವುದು ಬೇರೆ ಪ್ರಶ್ನೆ.

ಒಂದು ಫೋನು, ಮೂರು ತರಗತಿ

ಆಮೇಲಿನ ವರ್ಷ ಗಂಟೆ ಬಾರಿಸದ ವರ್ಷ. ಚಂದನ ವಾಹಿನಿಯಲ್ಲಿ ಪಾಠ ಬಂತು. ಟಿವಿ ಪಾಠದ ಅನುಕೂಲ ಅದಕ್ಕೆ ಡೇಟಾ ಬೇಡ ಅನ್ನುವುದು. ಅನನುಕೂಲ, ಅದು ಯಾರಿಗೂ ಕಾಯುವುದಿಲ್ಲ. ಕರೆಂಟು ಹೋದರೆ ಪಾಠವೂ ಹೋಯಿತು, ಅರ್ಥವಾಗದಿದ್ದರೆ ಕೈ ಎತ್ತುವಂತಿಲ್ಲ. ಆನ್‌ಲೈನ್ ತರಗತಿ ಎಷ್ಟು ಹೊತ್ತು ಇರಬೇಕೆಂಬ ಬಗ್ಗೆ ಕೇಂದ್ರದ ಪ್ರಜ್ಞಾತಾ ಮಾರ್ಗಸೂಚಿ 2020ರ ಜುಲೈನಲ್ಲಿ ಬಂತು: ಶಾಲಾಪೂರ್ವದವರಿಗೆ ದಿನಕ್ಕೆ ಮೂವತ್ತು ನಿಮಿಷ, ಒಂದರಿಂದ ಎಂಟನೆಯವರಿಗೆ ಮೂವತ್ತರಿಂದ ನಲವತ್ತೈದು ನಿಮಿಷದ ಎರಡು ಅವಧಿ, ಒಂಬತ್ತರಿಂದ ಹನ್ನೆರಡನೆಯವರಿಗೆ ನಾಲ್ಕು. ಮಕ್ಕಳ ಕಣ್ಣಿನ ದೃಷ್ಟಿಯಿಂದ ಸರಿಯಾದ ಲೆಕ್ಕ. ಆದರೆ ಬಹುತೇಕ ಮನೆಗಳಲ್ಲಿ ಸ್ಮಾರ್ಟ್‌ಫೋನು ಒಂದೇ, ಅದೂ ಅಪ್ಪನ ಜೇಬಿನಲ್ಲಿ. ಅಪ್ಪ ಕೆಲಸಕ್ಕೆ ಹೋದರೆ ತರಗತಿಯೂ ಅವನ ಜತೆ ಹೋಯಿತು. ಸಂಜೆ ಏಳಕ್ಕೆ ಅಪ್ಪ ಮನೆಗೆ ಬಂದ ಮೇಲೆ ಮೊದಲ ಸರದಿ ಹತ್ತನೆಯ ತರಗತಿಯವಳಿಗೆ, "ಅವಳಿಗೆ ಪಬ್ಲಿಕ್ ಎಕ್ಸಾಮ್ ಇದೆ". ಎರಡನೆಯದು ಏಳನೆಯವನಿಗೆ. ಒಂದನೆಯ ತರಗತಿಯ ಪುಟಾಣಿಗೆ ಉಳಿದದ್ದು ಕಡಿಮೆ ಚಾರ್ಜಿನ ಫೋನು, ಮುಗಿದ ಡೇಟಾ, ತೂಕಡಿಕೆ. ಯಾರೂ ಕೆಟ್ಟವರಲ್ಲ. ಮನೆಯೂ ಸರ್ಕಾರದ ಲೆಕ್ಕವನ್ನೇ ಹಾಕಿತು: ದಿನಾಂಕ ಇರುವವರಿಗೆ ಮೊದಲು.

ಮಲೆನಾಡಿನಲ್ಲಿ ನೆಟ್‌ವರ್ಕ್ ಸಿಗುವ ಗುಡ್ಡಕ್ಕೆ ಹತ್ತಿ ಕೂತವರ ಕತೆ ಎಲ್ಲರಿಗೂ ಗೊತ್ತು, ಬಿಡಿ.

2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮದ ಬಗ್ಗೆ ಮಾತ್ರ ನಿಂತು ಹೇಳಬೇಕು. ಮಕ್ಕಳು ಶಾಲೆಗೆ ಬರುವಂತಿಲ್ಲ, ಆದ್ದರಿಂದ ಮೇಷ್ಟ್ರೇ ಮಕ್ಕಳ ಬಳಿ ಹೋಗುವುದು. ದೇವಸ್ಥಾನದ ಪ್ರಾಂಗಣ, ಅರಳಿಕಟ್ಟೆ, ಸಮುದಾಯ ಭವನ, ಯಾರದೋ ಮನೆಯ ಜಗುಲಿ. ಯಾವ ಸೌಲಭ್ಯವೂ ಇಲ್ಲದವರು, ಬರೀ ಕರೆ ಮಾಡುವ ಫೋನಿರುವವರು, ಇಂಟರ್ನೆಟ್ ಇರುವವರು ಎಂದು ಮಕ್ಕಳನ್ನು ಮೂರು 'ಕಾಲ್ಪನಿಕ ಕೋಣೆ'ಗಳಲ್ಲಿ ವಿಂಗಡಿಸಿದರು. ಕಾಗದದ ಮೇಲೆ ಇದು ಜಾಣ ವಿನ್ಯಾಸ. ತೊಡಕು ಬಂದದ್ದು ನಡಿಗೆಯಲ್ಲಿ. ಒಬ್ಬರೇ ಶಿಕ್ಷಕರು ಬೆಳಗ್ಗೆ ಒಂದು ಕೇರಿ, ಮಧ್ಯಾಹ್ನ ಇನ್ನೊಂದು ಕೇರಿ ಸುತ್ತಿದರೆ ಒಂದು ಗುಂಪಿಗೆ ವಾರಕ್ಕೆ ಎರಡೋ ಮೂರೋ ಸಲ ಸಿಗುತ್ತಾರೆ ಅಷ್ಟೆ, ಮತ್ತು ಕೇರಿಯಿಂದ ಕೇರಿಗೆ ಓಡಾಡುವವರೂ ಅವರೇ ಆದ್ದರಿಂದ ಸೋಂಕಿನ ಅಪಾಯವೂ ಅವರ ಬೆನ್ನಿಗೇ. ಸೋಂಕು, ಶಿಕ್ಷಕರ ಸಾವಿನ ಸುದ್ದಿಗಳ ನಡುವೆ ಅಕ್ಟೋಬರ್‌ನಲ್ಲಿ ಅದು ನಿಂತಿತು. ಮತ್ತೆ ಶುರುವಾದದ್ದು 2021ರ ಜನವರಿ 1ಕ್ಕೆ, ಶಾಲೆಯ ಆವರಣದಲ್ಲಿ, ಅದೂ ಆರನೆಯ ತರಗತಿಯಿಂದ ಮೇಲಿನವರಿಗೆ. ಅದೇ ದಿನ ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯು ಮಕ್ಕಳಿಗೆ ತರಗತಿಗಳೂ ತೆರೆದವು. ಜೂನ್‌ನಲ್ಲಿ ಕಟ್ಟಬೇಕಿದ್ದ ಮಾವಿನ ತೋರಣ ಆ ವರ್ಷ ಜನವರಿಯಲ್ಲಿ ಬಾಗಿಲಿಗೆ ಬಂತು. ಚಿಕ್ಕವರ ಶಾಲೆಗೆ ಬೀಗ ಹಾಗೇ ಇತ್ತು. ಬಿಸಿಯೂಟದ ಬದಲು ಅಕ್ಕಿ, ಬೇಳೆ ಚೀಲದಲ್ಲಿ ಮನೆಗೆ ಹೋಯಿತು.

ಎರಡು ದಿನದ ಪರೀಕ್ಷೆ

2021ರ ಎಸ್ಸೆಸ್ಸೆಲ್ಸಿ ಜುಲೈ 19 ಮತ್ತು 22ರಂದು ನಡೆಯಿತು. ಮೊದಲ ದಿನ ಗಣಿತ, ವಿಜ್ಞಾನ, ಸಮಾಜ. ಎರಡನೆಯ ದಿನ ಮೂರು ಭಾಷೆ. ಪ್ರತಿ ವಿಷಯಕ್ಕೆ 40 ಬಹು ಆಯ್ಕೆ ಪ್ರಶ್ನೆ, ಒಟ್ಟು 120, ಮೂರು ಗಂಟೆ. ಅಂದರೆ ಒಂದು ಪ್ರಶ್ನೆಗೆ ಒಂದೂವರೆ ನಿಮಿಷ. ಉತ್ತರ ಯಂತ್ರ ಓದುವ ಓಎಂಆರ್ ಹಾಳೆಯಲ್ಲಿ, ವೃತ್ತ ತುಂಬಿ. ಕೊಠಡಿಗೆ ಹನ್ನೆರಡೇ ಮಕ್ಕಳು, ಡೆಸ್ಕಿಗೊಬ್ಬರು. ಎಂಟು ಮುಕ್ಕಾಲು ಲಕ್ಷ ಮಕ್ಕಳನ್ನು ಹನ್ನೆರಡರಿಂದ ಭಾಗಿಸಿದರೆ ಸುಮಾರು 73 ಸಾವಿರ ಕೊಠಡಿ. ಮಾಮೂಲಿ ವರ್ಷಕ್ಕೆ ಅದರ ಅರ್ಧ ಸಾಕು.

ಯಾರನ್ನೂ ಫೇಲ್ ಮಾಡುವುದಿಲ್ಲ ಎಂದು ಸರ್ಕಾರ ಮೊದಲೇ ಹೇಳಿತ್ತು, ಆದರೆ ಬಂದು ಕೂತು ಬರೆಯಬೇಕು. ಹಾಗಾದರೆ ಯಾಕೆ ಬರೆಸಿದ್ದು ಎಂದು ಆಗ ಬಹಳ ಜನ ಕೇಳಿದರು. ನನಗೆ ಅದು ತಮಾಷೆಯಾಗಿ ಕಂಡಿಲ್ಲ. ಆ ಎರಡು ದಿನದಿಂದ ಒಂದು ವರ್ಷಕ್ಕೆ ತುದಿ ಸಿಕ್ಕಿತು. ಪ್ರವೇಶಪತ್ರವನ್ನು ದೇವರ ಮುಂದಿಡಲು, ಹೊಸ ಪೆನ್ನು ಕೊಳ್ಳಲು, ಹೊರಗೆ ಬಂದು "ಆ ಹದಿನೇಳನೆಯದಕ್ಕೆ ಏನು ಹಾಕಿದೆ?" ಎಂದು ಕೇಳಲು ಒಂದು ನೆಪ. ಬೀಳ್ಕೊಡುಗೆ ಇಲ್ಲ, ಗುಂಪು ಫೋಟೊ ಇಲ್ಲ, ಆಟೋಗ್ರಾಫ್ ಪುಸ್ತಕ ಇಲ್ಲ, ಪ್ರವಾಸವಂತೂ ಇಲ್ಲವೇ ಇಲ್ಲ. ಉಳಿದದ್ದು ಇದೊಂದು.

ಆದರೆ ಹಾಳೆಯ ಕಷ್ಟ ಬೇರೆ ಥರದ್ದು. ಹತ್ತು ವರ್ಷ ವಾಕ್ಯದಲ್ಲಿ ಉತ್ತರಿಸಿ ರೂಢಿಯಾದ ಕೈಗೆ ವೃತ್ತ ತುಂಬುವುದು ಹೊಸದು. ಟಿಕ್ ಹಾಕಿದರೆ, ಅರ್ಧ ತುಂಬಿದರೆ ಯಂತ್ರ ಓದದೆ ಬಿಡಬಹುದು. ಎರಡು ವೃತ್ತ ತುಂಬಿದರೆ ಉತ್ತರ ಲೆಕ್ಕಕ್ಕಿಲ್ಲ, ಬಾಲ್‌ಪೆನ್ನಿನ ಗುರುತು ಅಳಿಸಲೂ ಆಗದು. ಸ್ಯಾನಿಟೈಸರ್ ಆರದ ಕೈಯನ್ನು ಹಾಳೆಯ ಮೇಲಿಟ್ಟರೆ ಶಾಯಿ ಹರಡುತ್ತದೆ, ಹಾಗಾಗಿ ಕೈ ಒಣಗುವ ತನಕ ಹಾಳೆ ಮುಟ್ಟಬಾರದು. ಎಲ್ಲಕ್ಕಿಂತ ದೊಡ್ಡ ಅಪಾಯ ಸಾಲು ತಪ್ಪುವುದು. ಗೊತ್ತಿಲ್ಲದ ಹನ್ನೆರಡನೆಯ ಪ್ರಶ್ನೆಯನ್ನು ಬಿಟ್ಟು ಹದಿಮೂರರ ಉತ್ತರವನ್ನು ಹನ್ನೆರಡರ ಸಾಲಿನಲ್ಲಿ ತುಂಬಿದರೆ, ಅಲ್ಲಿಂದ ಮುಂದೆ ಗೊತ್ತಿದ್ದದ್ದೆಲ್ಲ ತಪ್ಪು. ತಪ್ಪಿಗೆ ಅಂಕ ಕಡಿತವಿರಲಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡದೆ ಹೋಗುವುದೇ ಸಾಲು ತಪ್ಪದಿರಲು ಸುಲಭದ ದಾರಿ. ಹಲವು ಶಾಲೆಗಳು ಮಾದರಿ ಹಾಳೆಯ ಜೆರಾಕ್ಸ್ ಕೊಟ್ಟು ಐದು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡುವ ಅಭ್ಯಾಸ ಮಾಡಿಸಿದವು. 40 ಪ್ರಶ್ನೆಯ ಅಂಕವನ್ನು ಪ್ರಥಮ ಭಾಷೆಗೆ ನೂರಕ್ಕೂ ಉಳಿದವಕ್ಕೆ ಎಂಬತ್ತಕ್ಕೂ ಹಿಗ್ಗಿಸಿ, ಆಂತರಿಕ ಅಂಕ ಕೂಡಿಸಿ 625 ಮಾಡಿದ್ದರಿಂದ ಒಂದೊಂದು ವೃತ್ತದ ಬೆಲೆ ಎರಡು, ಎರಡೂವರೆ ಅಂಕ. 157 ಮಕ್ಕಳು 625ಕ್ಕೆ 625 ತೆಗೆದರು. ಫೇಲಾದವರು ಒಬ್ಬರೇ, ಅದೂ ಅವರ ಬದಲು ಬೇರೆಯವರು ಬಂದು ಬರೆದದ್ದಕ್ಕೆ.

45, 45, 10

ದ್ವಿತೀಯ ಪಿಯುಸಿಗೆ ಆ ವರ್ಷ ಪರೀಕ್ಷೆಯೇ ಇಲ್ಲ. ಬದಲಿಗೆ ಸೂತ್ರ: ಎಸ್ಸೆಸ್ಸೆಲ್ಸಿ ಅಂಕದ ಶೇ 45, ಪ್ರಥಮ ಪಿಯು ಅಂಕದ ಶೇ 45, ಕಾಲೇಜಿನ ಆಂತರಿಕ ಮೌಲ್ಯಮಾಪನದ ಶೇ 10. ಒಂದು ಉದಾಹರಣೆ ಹಾಕೋಣ. ಎಸ್ಸೆಸ್ಸೆಲ್ಸಿಯಲ್ಲಿ ಶೇ 80, ಪ್ರಥಮ ಪಿಯುನಲ್ಲಿ ಶೇ 40, ಆಂತರಿಕದಲ್ಲಿ ಹತ್ತಕ್ಕೆ ಎಂಟು. 36 ಕೂಡಿಸು 18 ಕೂಡಿಸು 8, ಒಟ್ಟು 62.

ಇದರ ವ್ಯಂಗ್ಯ ಕಾಲೇಜು ನೋಡಿದವರಿಗೆಲ್ಲ ಗೊತ್ತು. ಪ್ರಥಮ ಪಿಯು ಅಂದರೆ 'ರೆಸ್ಟ್ ಇಯರ್'. ಹತ್ತನೆಯದರಲ್ಲಿ ಬೆವರು ಸುರಿಸಿದವರು ಉಸಿರು ಬಿಡುವ ವರ್ಷ. "ಫಸ್ಟ್ ಪಿಯು ಮಾರ್ಕ್ಸ್ ಯಾರು ಕೇಳ್ತಾರೆ, ಪಾಸಾದರೆ ಸಾಕು" ಅನ್ನುವುದು ಅಣ್ಣಂದಿರು ತಮ್ಮಂದಿರಿಗೆ ಹೇಳಿಕೊಡುವ ಪಾಠ. ಈ ಮಕ್ಕಳು ಪ್ರಥಮ ಪಿಯು ಪರೀಕ್ಷೆ ಬರೆದದ್ದು 2020ರ ಆರಂಭದಲ್ಲಿ, ಲಾಕ್‌ಡೌನ್ ಕನಸಲ್ಲೂ ಇಲ್ಲದಾಗ. ಒಂದೂವರೆ ವರ್ಷದ ನಂತರ ಅದೇ ಅಂಕ ಅರ್ಧದ ಹತ್ತಿರದ ತೂಕ ಪಡೆದು ಎದುರು ನಿಂತಿತು. ದ್ವಿತೀಯ ವರ್ಷದಲ್ಲಿ ಓದಿ ಸರಿಪಡಿಸಿಕೊಳ್ಳುವೆ ಎಂದುಕೊಂಡಿದ್ದವರಿಗೆ ಆ ಬಾಗಿಲೇ ಮುಚ್ಚಿತ್ತು. ಇನ್ನೊಂದು ಕಡೆ 2,239 ಮಕ್ಕಳಿಗೆ 600ಕ್ಕೆ 600 ಬಂತು. ಎರಡೂ ಒಂದೇ ಸೂತ್ರದ ಫಲ. ತೃಪ್ತಿ ಇಲ್ಲದವರು ಆಗಸ್ಟ್‌ನಲ್ಲಿ ಪರೀಕ್ಷೆ ಬರೆಯಬಹುದಿತ್ತು, ಆದರೆ ಕೈಯಲ್ಲಿರುವ ಪಾಸನ್ನು ಬಿಟ್ಟು ಬರೆಯುವ ಧೈರ್ಯ ಎಷ್ಟು ಜನಕ್ಕೆ ಬಂದೀತು?

ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಆ ವರ್ಷ ಪಿಯು ಅಂಕವನ್ನು ಪರಿಗಣಿಸದೆ ಸಿಇಟಿ ಅಂಕದ ಮೇಲೇ ರ‍್ಯಾಂಕ್ ಕೊಟ್ಟರು. ಅಲ್ಲಿಗೆ ಸರಿಹೋಯಿತು ಅನ್ನಿಸಿತು. 2022ರಲ್ಲಿ ಪಿಯು ಅರ್ಧ, ಸಿಇಟಿ ಅರ್ಧ ಎಂಬ ಹಳೆಯ ಪದ್ಧತಿ ವಾಪಸಾಯಿತು. ಹಿಂದಿನ ವರ್ಷದ ಮಕ್ಕಳು ಮತ್ತೊಮ್ಮೆ ಸಿಇಟಿ ಬರೆದಾಗ ತೊಡಕು ಎದ್ದಿತು. ಪರೀಕ್ಷೆ ಬರೆದು ಗಳಿಸಿದ ಪಿಯು ಅಂಕ, ಸೂತ್ರದಿಂದ ಬಂದ ಪಿಯು ಅಂಕ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ? ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ ಹಳಬರ ಪಿಯು ಅಂಕ ಬಿಟ್ಟು ರ‍್ಯಾಂಕ್ ಕೊಟ್ಟಿತು, ಹಳಬರು ಹೈಕೋರ್ಟಿಗೆ ಹೋದರು, ಕೊನೆಗೆ ಅವರ ಪಿಯು ಅಂಕವನ್ನು ಸ್ವಲ್ಪ ಇಳಿಸಿ ಲೆಕ್ಕ ಹಿಡಿಯುವ ರಾಜಿ ಸೂತ್ರಕ್ಕೆ ಬಂದು ನಿಂತಿತು. ರ‍್ಯಾಂಕ್ ಪಟ್ಟಿ ಎರಡನೆಯ ಸಲ ಹೊರಬಿತ್ತು, ಸೀಟು ಹಂಚಿಕೆ ತಡವಾಯಿತು. ಎಸ್ಸೆಸ್ಸೆಲ್ಸಿಯವರು ಶಾಸ್ತ್ರಕ್ಕೆಂದು ಬರೆದ ಆ ಎರಡು ದಿನದ ಪರೀಕ್ಷೆ ಪಿಯುಸಿಯ ಅಚ್ಚುಕಟ್ಟಾದ ಸೂತ್ರಕ್ಕಿಂತ ಮೇಲು ಎಂದು ನಾನು ಹೇಳುವುದು ಇದಕ್ಕೇ. ತೆಳುವಾದರೂ ಅದು ಆ ವರ್ಷವೇ, ಎಲ್ಲರೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರ. ಸೂತ್ರದ ಅಂಕ ಹಳೆಯ ವರ್ಷಗಳ ಸಾಲ. ಅದನ್ನು ಮುಂದಿನ ವರ್ಷದವರೂ ಸೇರಿ ತೀರಿಸಬೇಕಾಯಿತು.

ತಟ್ಟೆ ಮತ್ತು ಮೆಟ್ಟಿಲು

ಈಗ ಆ ನಾಲ್ಕನೆಯ ಗುಂಪು. ಒಂದರಿಂದ ಐದನೆಯ ತರಗತಿಯ ಬಾಗಿಲು ಕರ್ನಾಟಕದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. 2020ರ ಮಾರ್ಚ್‌ನಿಂದ ಹತ್ತೊಂಬತ್ತು ತಿಂಗಳು. 2020ರ ಜೂನ್‌ನಲ್ಲಿ ಒಂದನೆಯ ತರಗತಿಗೆ ಹೆಸರು ಹಚ್ಚಿದ ಮಗು ಮೊದಲ ಸಲ ಬೆಂಚಿನ ಮೇಲೆ ಕೂತಾಗ ಅದು ಎರಡನೆಯ ತರಗತಿ, ಅದರಲ್ಲೂ ಅರ್ಧ ವರ್ಷ ಕಳೆದಿತ್ತು. ದಾಖಲೆಯಲ್ಲಿ ಅದು ಪಾಸು. ಕಾಗುಣಿತ ಗಟ್ಟಿಯಾಗಿಲ್ಲ, ಒತ್ತಕ್ಷರ ಬಂದರೆ ನಿಲ್ಲುತ್ತದೆ, ಹತ್ತು ಬಿಡಿಗಳನ್ನು ಒಂದು ಹತ್ತಾಗಿ ಕಟ್ಟುವುದು ಗೊತ್ತಿಲ್ಲ. ಪೆನ್ಸಿಲ್ ಹಿಡಿಯಲು ಬೆರಳಿಗೆ ಬಲವಿಲ್ಲ, ಸಾಲಿನಲ್ಲಿ ನಿಲ್ಲಲು, ಸರದಿ ಕಾಯಲು ರೂಢಿಯಿಲ್ಲ. ಕೂಡುವಾಗ ದಶಕ ಒಯ್ಯುವುದನ್ನು ಕಲಿಸಹೊರಟ ಶಿಕ್ಷಕರಿಗೆ ತೊಂದರೆ ಕೂಡುವುದರಲ್ಲಿಲ್ಲ, ಅದಕ್ಕೂ ಕೆಳಗಿನ ಸ್ಥಾನಬೆಲೆಯಲ್ಲಿದೆ ಎಂದು ತಿಳಿಯಲೇ ವಾರಗಳು ಬೇಕಾದವು. 2022ರಲ್ಲಿ ಶಾಲೆಗಳನ್ನು ಹದಿನೈದು ದಿನ ಮುಂಚೆ, ಮೇ 16ಕ್ಕೇ ತೆರೆದು ಆ ವರ್ಷವನ್ನು ಕಲಿಕಾ ಚೇತರಿಕೆಗೆ ಮೀಸಲಿಟ್ಟರು. ಒಳ್ಳೆಯ ಕೆಲಸ, ತಡವಾದ ಕೆಲಸ.

ವಿಚಿತ್ರವೆಂದರೆ, ಶಾಲೆ ತಪ್ಪಿದ ಮಗುವಿಗೆ ಹೇಗೆ ಕಲಿಸಬೇಕು ಅನ್ನುವ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಮೊದಲೇ ಇತ್ತು. ತೊಂಬತ್ತರ ದಶಕದಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, ಆಮೇಲೆ ಸರ್ಕಾರಿ ಶಾಲೆಗಳ ಒಂದರಿಂದ ಮೂರನೆಯ ತರಗತಿಗೆ ಹಬ್ಬಿದ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಹುಟ್ಟಿದ್ದೇ ಬಿತ್ತನೆ, ಕೊಯ್ಲು, ಗುಳೆ ಎಂದು ಮಕ್ಕಳು ಶಾಲೆ ತಪ್ಪಿಸುವ ಹಳ್ಳಿಗಳಿಗೆ ಒಗ್ಗುವಂತೆ. ಅದರಲ್ಲಿ ಪಾಠ ಮೆಟ್ಟಿಲುಗಳಾಗಿ ಒಡೆದಿರುತ್ತದೆ, ಕೆಲವು ಮೆಟ್ಟಿಲು ಸೇರಿ ಒಂದು ಮೈಲಿಗಲ್ಲು. ಪ್ರತಿ ಮೆಟ್ಟಿಲಿಗೊಂದು ಕಾರ್ಡು. ಮಕ್ಕಳು ಕೂರುವ ಗುಂಪಿಗೆ ಅಲ್ಲಿ ತಟ್ಟೆ ಎಂದು ಹೆಸರು: ಶಿಕ್ಷಕರ ಪೂರ್ಣ ನೆರವು ಬೇಕಾದವರು ಒಂದು ತಟ್ಟೆಯಲ್ಲಿ, ಸ್ವಲ್ಪ ನೆರವು ಸಾಕಾದವರು ಇನ್ನೊಂದರಲ್ಲಿ, ಗೆಳೆಯರ ಜತೆ ಕಲಿಯುವವರು, ತಾವೇ ಮಾಡಿಕೊಳ್ಳುವವರು ಬೇರೆ ತಟ್ಟೆಗಳಲ್ಲಿ. ತಿಂಗಳು ಬಿಟ್ಟು ಬಂದ ಮಗು ಗೋಡೆಯ ಪ್ರಗತಿ ನೋಟದಲ್ಲಿ ತಾನು ಬಿಟ್ಟ ಮೆಟ್ಟಿಲನ್ನು ಹುಡುಕಿ, ಅಲ್ಲಿನ ಕಾರ್ಡು ಎತ್ತಿಕೊಂಡು ಕೂರುತ್ತದೆ. ಅದಕ್ಕೆ ಮಾರ್ಚ್ ತಿಂಗಳೆಂಬುದಿಲ್ಲ.

ಆದರೆ ಆ ಪದ್ಧತಿ ನಡೆಯುವುದು ಕೈಯಿಂದ ಕೈಗೆ ದಾಟುವ ಕಾರ್ಡು, ಒಟ್ಟಿಗೆ ಕೂರುವ ತಟ್ಟೆ, ಮಗ್ಗುಲಲ್ಲಿ ಬಗ್ಗಿ ನೋಡುವ ಟೀಚರಮ್ಮನಿಂದ. ಮೂರೂ ಸೋಂಕಿನ ಕಾಲದಲ್ಲಿ ನಿಷಿದ್ಧ, ಮೂರೂ ಫೋನಿನೊಳಗೆ ಹಿಡಿಯವು. ಕಾರ್ಡಿನ ಜೆರಾಕ್ಸ್ ಮಾಡಿ ವಾರಕ್ಕೊಂದು ಗೊಂಚಲು ಮನೆಗೆ ಕಳಿಸಿದ ಶಿಕ್ಷಕರಿದ್ದರು. ಕಪ್ಪು ಬಿಳುಪಿನಲ್ಲಿ ಕಾರ್ಡಿನ ಬಣ್ಣದ ಗುರುತು ಹೋಗಿ, ಯಾವ ಮೆಟ್ಟಿಲಿನದು ಯಾವುದು ಎಂದು ಮನೆಯವರಿಗೆ ತಿಳಿಯದೆ ಹೋದಾಗ ಮೂಲೆಯಲ್ಲಿ ದೊಡ್ಡದಾಗಿ ಮೆಟ್ಟಿಲ ಸಂಖ್ಯೆ ಬರೆದು ಕಳಿಸಿದರು. ಓದು ಬಾರದ ಅಮ್ಮಂದಿರೂ ಸಂಖ್ಯೆ ನೋಡಿ ಸರದಿಯಂತೆ ಜೋಡಿಸಿದರು. 73 ಸಾವಿರ ಕೊಠಡಿ ಹೊಂದಿಸಬಲ್ಲ ರಾಜ್ಯಕ್ಕೆ, ಮೂರು ತರಗತಿಯ ಮಕ್ಕಳಿಗೆ ಬಣ್ಣದ ಕಾರ್ಡಿನ ಒಂದೊಂದು ಕಟ್ಟು ಮುದ್ರಿಸಿ, ಅಕ್ಕಿ ಬೇಳೆ ಹೋಗುತ್ತಿದ್ದ ಅದೇ ಚೀಲದಲ್ಲಿ ಹಾಕಿ ಕಳಿಸುವುದು ಕಷ್ಟವಿರಲಿಲ್ಲ.